ಎದುರು ಮನೆ ಅಕ್ಕ ಯೂರೋಪಲ್ಲಿ ಸುಮ್ನೆ ಕೂರೋಕೆ ಹೋಗಿದ್ದು

ನಮ್ಮ ರಸ್ತೆಲಿ ಒಂದು ಮನೆಗೆ ಏನಾದ್ರೂ ಒಳ್ಳೇದಾದ್ರೆ ಅದು ಆ ಮನೆಯೋರದ್ದು ಮಾತ್ರ ಅಂತ ಯಾರೂ ಅಂದ್ಕೊಳಲ್ಲ. ಮೂಲೆ ಮನೆಗೆ ರೇಡಿಯೋ ಬಂದಾಗ ಅದನ್ನ ಎಲ್ಲಿಡ್ಬೇಕು ಅಂತ ತೀರ್ಮಾನ ಮಾಡಿದ್ದು ಆ ಮನೆಯೋರಲ್ಲ, ನಾವು. ರಸ್ತೆಗೆಲ್ಲ ಕೇಳ್ಲಿ ಅಂತ ಕಿಟಕಿಲಿ ಇಡಿಸಿದ್ವಿ. ಇಂಥದ್ದು ಇಲ್ಲಿ ಆಗ್ತಾನೇ ಇರುತ್ತೆ. ಆದ್ರೆ ಎದುರು ಮನೆ ಅಕ್ಕನಿಗೆ ಯೂರೋಪಲ್ಲಿ ಒಂದು ಊರು ಆರಿಸಿದ್ವಲ್ಲ, ಅದರ ಮುಂದೆ ರೇಡಿಯೋ ಗಲಾಟೆ ಏನೇನೂ ಅಲ್ಲ.

ಆಗ ಇಸವಿ ಅರವತ್ತರ ಆಚೀಚೆ. ಜಯನಗರದಲ್ಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಬಟ್ಟೆ ಒಣಗಹಾಕೋಕೆ ಹೊರಗೆ ಬಂದ್ರೆ ಎರಡು ರಸ್ತೆ ಆಚೆ ಯಾರು ಬಂದ್ರು, ಯಾರು ಹೋದ್ರು, ಕೈಯಲ್ಲಿ ಏನು ಹಿಡ್ಕೊಂಡಿದ್ರು ಎಲ್ಲಾ ಕಾಣೋದು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಅಟ್ಟಕ್ಕೆ ಹಾಕಿದೋಳು. ಓದಿದೋರು ಪೇಪರ್ ನೋಡಿ ತಿಳ್ಕೊಂಡ್ರೆ ನಾನು ಕಾಂಪೌಂಡ್ ಮೇಲಿಂದ ನೋಡಿ ತಿಳ್ಕೊತಿದ್ದೆ. ಪೇಪರ್‌ಗಿಂತ ಒಂದು ದಿನ ಮುಂಚೆ.

ಸಾಹೇಬ ಅತ್ತಿದ್ದು

ಎದುರು ಮನೆ ಯಜಮಾನ್ರು ಮಿಷನ್ ಫ್ಯಾಕ್ಟ್ರಿಲಿ ಫೋರ್‌ಮನ್. ಮಹಡಿ ಮೇಲೆ ಒಂದು ರೂಮು ಕಟ್ಸಿದ್ರು. ಅದಕ್ಕೆ ಬಾಡಿಗೆಗೆ ಬಂದೋನು ಒಬ್ಬ ಜರ್ಮನಿ ಸಾಹೇಬ, ಅದೇ ಫ್ಯಾಕ್ಟ್ರಿಗೆ ಮಿಷನ್ ಕೂರಿಸೋಕೆ ಬಂದಿದ್ದ ಇಂಜಿನಿಯರ್. ಬೆಳ್ಳಗೆ, ಉದ್ದಕ್ಕೆ, ಬಾಗ್ಲಲ್ಲಿ ದಿನಾ ತಲೆ ಹೊಡಿಸ್ಕೊಳೋನು. ಬಾಗಿ ಬರ್ಬೇಕು ಅಂತ ಹೊರಟುಹೋಗೋವರೆಗೂ ಕಲೀಲಿಲ್ಲ.

ಅಕ್ಕನ ವಿಷಯ ಹೇಳ್ತೀನಿ. ನಾನು ಯಾರನ್ನೂ ಸುಮ್ಮಸುಮ್ನೆ ಹೊಗಳೋಳಲ್ಲ, ರಸ್ತೆಲಿ ಕೇಳಿ ಬೇಕಾದ್ರೆ. ಆದ್ರೆ ಆಕೆ ಥರ ಹೆಂಗಸ್ನ ನಾನು ನೋಡಿಲ್ಲ. ಅತ್ತೆ, ಗಂಡ, ಮಕ್ಕಳು, ಬಂದೋರು ಹೋದೋರು, ಎಲ್ಲಾ ಆಕೆ ಒಬ್ಬಳ ಕೈಮೇಲೆ. ಈಳಿಗೆಮಣೆ ಮೇಲೆ ಕೂತಿದ್ದು ಬಿಟ್ರೆ ಆಕೆ ಕೂತಿದ್ದನ್ನ ನಾನು ಕಂಡಿಲ್ಲ. ಮನೆಯೋರಿಗೆಲ್ಲ ಬಿಸಿ ಕಾಫಿ ಕೊಟ್ಟು, ತನ್ನ ಲೋಟ ಒಲೆ ಪಕ್ಕ ಇಟ್ಟು ಮರ್ತು, ಅದು ಆರಿ ಕೆನೆ ಕಟ್ಟಿದ್ಮೇಲೆ ನಿಂತ್ಕೊಂಡೇ ಗಟಗಟ ಕುಡಿಯೋಳು.

ಸಾಹೇಬನಿಗೆ ಒಂದ್ಸಲ ಜ್ವರ ಬಂತು. ಅಕ್ಕ ದಿನಾ ಮೆಟ್ಲು ಹತ್ತಿ ಗಂಜಿ ಕೊಟ್ಲು. ಸ್ವಲ್ಪ ಸುಧಾರಿಸ್ಕೊಂಡ್ಮೇಲೆ ಬಾಯಿಗೆ ರುಚಿ ಬರ್ಲಿ ಅಂತ ಮೆಣಸಿನ ಸಾರು ಮಾಡಿಕೊಟ್ಲು. ಎರಡು ಗುಟುಕು ಕುಡಿದಿದ್ದೇ ತಡ, ಸಾಹೇಬನ ಕಣ್ಣಲ್ಲಿ ಧಾರಾಕಾರ ನೀರು. "ಪಾಪ, ಅವನ ತಾಯಿ ನೆನಪಾಗಿರ್ಬೇಕು" ಅಂತ ಅಕ್ಕನೂ ಸೆರಗಲ್ಲಿ ಕಣ್ಣು ಒರೆಸ್ಕೊಂಡು ಇನ್ನೊಂದು ಸೌಟು ಹಾಕಿದ್ಲು. ಸಾಹೇಬ ಬೇಡ ಅನ್ನೋಕೆ ಬಾಯಿ ತೆಗೆದ್ರೆ ಉರಿ, ಮಾತೇ ಬರ್ತಿಲ್ಲ.

ಅವನು ಕಲಿತಿದ್ದ ಕನ್ನಡ ಒಂದೇ ಮಾತು: "ಅಮ್ಮಾ, ಕೂತ್ಕೊ." ದಿನಾ ಕೆಳಗಿಳಿದಾಗ ಹೇಳೋನು. "ನಾನು ಕೂತ್ರೆ ಅನ್ನ ಯಾರಪ್ಪ ಬಸೀತಾರೆ" ಅಂತ ಅಕ್ಕ ಒಳಗೆ ಹೋಗೋಳು.

ಅವನು ತನ್ನ ದೇಶಕ್ಕೆ ಹೊರಡೋ ಮುಂಚೆ ಯಜಮಾನ್ರನ್ನ ಕೂರಿಸ್ಕೊಂಡು ಇಂಗ್ಲಿಷಲ್ಲಿ ಹೇಳ್ದ. ನಿಮ್ಮನ್ನ ಟ್ರೈನಿಂಗಿಗೆ ನಮ್ಮ ಫ್ಯಾಕ್ಟ್ರಿಗೆ ಕರೆಸ್ಕೊತೀನಿ. ಟ್ರೈನಿಂಗ್ ಮುಗಿದ್ಮೇಲೆ ಅಮ್ಮನೂ ಬರ್ಬೇಕು. ಯೂರೋಪಲ್ಲಿ ಯಾವ ಊರಾದ್ರೂ ಸರಿ, ಒಂದು ವಾರ ಇರ್ಬೇಕು. ವಿಮಾನ, ರೂಮು ಎಲ್ಲಾ ನನ್ನದು. ಆದ್ರೆ ಆಕೆ ಕೆಲಸ ಮಾಡಕೂಡದು, ಓಡಾಡಕೂಡದು. ನಿಧಾನವಾಗಿ, ಸುಮ್ನೆ ಕೂತ್ಕೋಬೇಕು. ನೀವು ಟ್ರೈನಿಂಗಿಗೆ ಬರ್ತಾ ಊರಿನ ಹೆಸರು ತಗೊಂಡು ಬನ್ನಿ, ರೂಮಿಗೆ ಹೇಳಿಡ್ತೀನಿ.

ಯಜಮಾನ್ರು ಅಡಿಗೆಮನೆಗೆ ಬಂದು ಇದನ್ನೆಲ್ಲ ಹೇಳಿದ್ರು. ನಾನು ಅಲ್ಲೇ ಇದ್ದೆ, ಹೆಪ್ಪಿಗೆ ಮೊಸರು ಕೇಳೋಕೆ ಹೋಗಿದ್ದೆ. ವಿಮಾನ, ಯೂರೋಪು, ಒಂದು ವಾರ, ಎಲ್ಲಾ ಕೇಳಿ ಅಕ್ಕ ಒಲೆ ಮೇಲಿನ ಪಾತ್ರೆ ಇಳಿಸಿದ್ಲು. ಆಮೇಲೆ ಕೇಳಿದ್ಲು, "ಒಂದು ವಾರನಾ? ಹಾಲು ಯಾರು ತಗೋತಾರೆ?"

ಕ್ಯಾಲೆಂಡರಿನಲ್ಲಿ ಗಂಡು ನೋಡಿದ್ದು

ಸಾಹೇಬ ಹೋಗ್ತಾ ಒಂದು ಫಾರಿನ್ ಕ್ಯಾಲೆಂಡರ್ ಕೊಟ್ಟು ಹೋಗಿದ್ದ. ಬಣ್ಣದ್ದು, ತಿಂಗಳಿಗೊಂದು ಊರಿನ ಚಿತ್ರ. ಅದನ್ನ ಹಾಲ್‌ನ ಗೋಡೆಗೆ ನೇತುಹಾಕಿದ್ರು. ಸಂಜೆ ಆದ್ರೆ ನಾವೆಲ್ಲ ಅಲ್ಲಿ ಹಾಜರ್.

ಅಕ್ಕನ ಅತ್ತೆ, ನಾವೆಲ್ಲ ಅಜ್ಜಿ ಅನ್ನೋದು, ಆಕೆ ತಮ್ಮ ಬಳಗದಲ್ಲಿ ಅರ್ಧಕ್ಕರ್ಧ ಮದುವೆ ಕುದುರಿಸಿದೋರು. ಅವರಿಗೆ ಏನನ್ನಾದ್ರೂ ಆರಿಸೋಕೆ ಗೊತ್ತಿರೋದು ಒಂದೇ ರೀತಿ. ಕನ್ನಡಕ ಹಾಕ್ಕೊಂಡು, ಗೋಡೆಗೆ ಮೂಗು ತಗುಲೋ ಹಾಗೆ ನಿಂತು, ಒಂದೊಂದು ಊರನ್ನೂ ಗಂಡಿನ ಮನೆ ನೋಡ್ದಂಗೆ ನೋಡಿದ್ರು.

ಮೊದ್ಲು ಪ್ಯಾರಿಸ್ಸು. ಆ ಕಬ್ಬಿಣದ ಗೋಪುರ ನೋಡಿ ಅಜ್ಜಿ, "ಇದೇನು, ಅರ್ಧಕ್ಕೇ ಬಿಟ್ಟಿದಾರೆ. ಅಲ್ಲೂ ಸರ್ಕಾರದ ಪರ್ಮಿಟ್ ಇಲ್ದೆ ಸಿಮೆಂಟ್ ಸಿಗಲ್ವಾ?" ಅಂದ್ರು.

ಮೂಲೆ ಮನೆ ರಿಟೈರ್ಡ್ ತಾಸೀಲ್ದಾರ್ರು ಇದ್ರಲ್ಲ, ರೇಡಿಯೋದೋರು, ಅವರು ಹೇಳಿದ್ರು, "ಅದು ಇರೋದೇ ಹಾಗೆ ಅಮ್ಮಾ. ಲೋಕಕ್ಕೇ ಪ್ರಸಿದ್ಧಿ."

"ಇರ್ಲಿ. ಗೋಡೆಗೆ ಗಾರೆ ಗಿಲಾವು ಮಾಡ್ದೆ ಇರೋ ಮನೆಗೆ ನಾನು ಹೆಣ್ಣು ಕಳ್ಸಲ್ಲ."

ಆಮೇಲೆ ರೋಮು. ಬಿದ್ದ ಗೋಡೆ, ಮುರಿದ ಕಂಬ. "ಬಹಳ ಹಳೇದು" ಅಂದ್ರು ತಾಸೀಲ್ದಾರ್ರು. "ಹಳೇದು ನೋಡೋಕೆ ವಿಮಾನ ಯಾಕೆ? ಬೇಗೂರಿಗೆ ಗಾಡಿ ಕಟ್ಟಿದ್ರೆ ಆಯ್ತು. ಅಲ್ಲಿ ಹಳೇ ದೇವಸ್ಥಾನನೂ ನಿಂತಿದೆ, ಪೂಜೆನೂ ನಡೀತಿದೆ."

ವೆನಿಸ್ ಬಂದಾಗ ಮಾತ್ರ ಅಜ್ಜಿ ಮುಖ ಅರಳ್ತು. ಬಾಗ್ಲು ತೆಗೆದ್ರೆ ನೀರು. ನಮ್ಮಲ್ಲಿ ನಲ್ಲಿ ನೀರು ಬಂದ್ರೆ ಹಬ್ಬ, ಬರ್ದಿದ್ರೆ ತಿಥಿ. "ನೋಡ್ರೇ, ಕಿಟಕಿಯಿಂದ ಬಿಂದಿಗೆ ಬಿಟ್ರೆ ಸಾಕು, ಮಡಿ ನೀರು. ಇದೇ ಊರು" ಅಂದ್ರು. ನಾವೆಲ್ಲ ಹೂಂ ಅಂದ್ವಿ. ತಾಸೀಲ್ದಾರ್ರಿಗೆ ತಡೀಲಿಲ್ಲ. "ಅದು ಸಮುದ್ರದ ನೀರು ಅಮ್ಮಾ, ಉಪ್ಪು."

ಅಜ್ಜಿ ಕನ್ನಡಕ ತೆಗೆದ್ರು. "ಬೇಳೆ ಬೇಯಲ್ಲ" ಅಂದ್ರು. ಅಲ್ಲಿಗೆ ವೆನಿಸ್ ಮುಗೀತು.

ತಾಸೀಲ್ದಾರ್ರು ಇಷ್ಟು ಹೊತ್ತು ಕಾಯ್ತಿದ್ದಿದ್ದು ಲಂಡನ್ನಿಗೆ. "ನೋಡಿ, ಲಂಡನ್ನಲ್ಲಿ ನಮ್ಮ ಜನ ಇದಾರೆ. ನಮ್ಮ ತಂಗಿ ಮಗನೇ ಇದಾನೆ. ಮನೇಲೇ ಇರ್ಬಹುದು, ನಮ್ಮ ಊಟ."

"ನಮ್ಮ ಜನ ಇದಾರೆ ಅಂದ್ಮೇಲೆ ಇನ್ನೇನು" ಅಂದ್ರು ಅಜ್ಜಿ. "ಲಂಡನ್ನೇ ಗಟ್ಟಿ ಮಾಡಿ."

"ಇನ್ನೊಂದು ಅನುಕೂಲನೂ ಇದೆ" ಅಂತ ತಾಸೀಲ್ದಾರ್ರು ಗಂಟಲು ಸರಿ ಮಾಡ್ಕೊಂಡ್ರು. "ಅವನ ಹೆಂಡ್ತಿಗೆ ಈಗ ಆರು ತಿಂಗಳು. ಇವರು ಹೋಗೋ ಹೊತ್ತಿಗೆ ಹೆರಿಗೆಗೆ ಸರಿಹೋಗುತ್ತೆ. ಹೇಗೂ ಸುಮ್ನೆ ಕೂತಿರ್ತಾರಲ್ಲ, ಒಂದು ವಾರ ಎಣ್ಣೆನೀರು, ಬಾಣಂತಿ ಖಾರ..."

ಅಕ್ಕ ಕಾಫಿ ತಟ್ಟೆ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ಲು. ನಾನು ಸುಮ್ನಿರ್ತೀನಾ. "ಅಕ್ಕಾ, ಬಾಣಂತನಕ್ಕೆ ವಿಮಾನ ಹತ್ತೋಳು ಇಡೀ ಮೈಸೂರು ಸೀಮೆಗೇ ನೀನೇ ಮೊದ್ಲು" ಅಂದೆ. ತಾಸೀಲ್ದಾರ್ರು ಅದನ್ನ ಹೊಗಳಿಕೆ ಅಂದ್ಕೊಂಡು ತಲೆಯಾಡಿಸಿದ್ರು.

ರಾಹು ನಿಧಾನ ಮಾಡಿದ್ದು

ಅಕ್ಕನಿಗೆ ಒಂದು ಹರಕೆ ಇತ್ತು. ಶುಕ್ರವಾರ ರಾಹುಕಾಲದಲ್ಲಿ ಬನಶಂಕರಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ಹೋಳಲ್ಲಿ ದೀಪ ಹಚ್ಚೋದು. ಆ ವಾರ ತಪ್ಪುತ್ತಲ್ಲ ಅಂತ ಪುರೋಹಿತರನ್ನ ಕೇಳಿದ್ಲು. ನಾನೂ ಜೊತೇಲಿದ್ದೆ.

ಪುರೋಹಿತರು ಯೋಚನೆ ಮಾಡಿದ್ರು. "ಎಲ್ಲಿದ್ರೆ ಅಲ್ಲೇ ಹಚ್ಚಮ್ಮ, ತಾಯಿಗೆ ಗೊತ್ತಾಗುತ್ತೆ. ಆದ್ರೆ ಇಲ್ಲಿ ಟೈಮು ಅಲ್ಲಿ ನಡೆಯಲ್ಲ. ರಾಹುಕಾಲ ಅನ್ನೋದು ಹಗಲಲ್ಲಿ ಎಂಟ್ನೇ ಒಂದು ಪಾಲು. ಬೇಸಿಗೇಲಿ ಆ ಕಡೆ ಸೂರ್ಯ ನಾವು ಏಳೋ ಮುಂಚೆನೇ ಎದ್ದು, ನಾವು ಊಟ ಮಾಡಿ ಕೈ ತೊಳೆದ್ಮೇಲೆ ಮುಳುಗ್ತಾನಂತೆ. ಹಗಲು ಉದ್ದ ಆದ್ರೆ ರಾಹುಕಾಲನೂ ಉದ್ದ. ಇಲ್ಲಿ ಒಂದೂವರೆ ಗಂಟೆ ಇರೋ ರಾಹು ಅಲ್ಲಿ ಎರಡು ಗಂಟೆ ಕೂರ್ತಾನೆ. ಯೋಚನೆ ಮಾಡಿ ಹೋಗಮ್ಮ."

ನಾನಂತೂ ಹೆದರ್ದೆ. ಎರಡು ಗಂಟೆ ರಾಹು ಅಂದ್ರೆ ತಮಾಷೆನಾ. ಅಕ್ಕ ಬುಟ್ಟಿ ಸೊಂಟಕ್ಕೆ ಏರಿಸ್ಕೊಂಡು, "ನೋಡಿ ಸ್ವಾಮಿ, ಆ ದೇಶದಲ್ಲಿ ರಾಹುಗೇ ಅವಸರ ಇಲ್ಲ. ನಂಗೆ ಬೇಕಾಗಿರೋದು ಅಂಥ ಕಡೆನೇ" ಅಂತ ಹೇಳಿ, ಎಣ್ಣೆ ಸ್ವಲ್ಪ ಜಾಸ್ತಿ ತಗೊಂಡು ಹೋಗ್ಬೇಕು ಅಂತ ನನ್ನ ಹತ್ರ ಅಂದ್ಲು.

ಕೂರೋ ಅಭ್ಯಾಸ

ಯಜಮಾನ್ರು ಫೋರ್‌ಮನ್ ಅಲ್ವಾ, ಯಾವ ಮಿಷನ್ನೇ ಆಗ್ಲಿ ಟ್ರಯಲ್ ನೋಡ್ದೆ ಓಡಿಸಲ್ಲ. "ಜೀವಮಾನದಲ್ಲಿ ಕೂತೋಳಲ್ಲ ನೀನು. ಒಂದೇ ಸಲ ಅಲ್ಲಿ ಹೋಗಿ ವಾರಗಟ್ಲೆ ಕೂತ್ರೆ ಏನಾದ್ರೂ ಆದೀತು. ಇಲ್ಲೇ ಒಂದು ಭಾನುವಾರ ಅಭ್ಯಾಸ ಮಾಡು" ಅಂದ್ರಂತೆ.

ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿದ್ರು. ಅಲ್ಲಿ ಚಳಿ ಅಂತ ಕೇಳಿದ್ರಲ್ಲ, ಅದಕ್ಕೂ ಅಭ್ಯಾಸ ಆಗ್ಲಿ ಅಂತ ಉಲ್ಲನ್ ಶಾಲು, ಕಾಲುಚೀಲ, ಬೂಟು. ನೆತ್ತಿ ಸುಡೋ ಬೇಸಿಗೆ. ಅಕ್ಕ ಶಾಲು ಹೊದ್ಕೊಂಡು, ಕೈ ಮಡಿಲಲ್ಲಿಟ್ಕೊಂಡು, ಬೆವರು ಸುರಿಸ್ತಾ ಕೂತ್ಲು. ಅಡಿಗೆಮನೆಗೆ ಯಜಮಾನ್ರೇ ಹೋದ್ರು.

ಇದನ್ನ ಅವರು ನಂಗೆ ಮುಂಚೆನೇ ಹೇಳಿರ್ಲಿಲ್ಲ. ಅವರು ಮಾಡಿದ ತಪ್ಪು ಅದೇ.

ಮೊದ್ಲು ನೋಡಿದೋಳು ಸುದ್ದಗುಂಟೆಪಾಳ್ಯದಿಂದ ಹಾಲು ತರ್ತಿದ್ದ ಹೆಂಗಸು. "ಯಾಕವ್ವ, ಮೈಯಾಗೆ ಹುಷಾರಿಲ್ವಾ?"

"ಏನಿಲ್ಲ ಕಣವ್ವ. ಸುಮ್ನೆ ಕೂತಿದೀನಿ."

ಅಷ್ಟು ಸಾಕಾಯ್ತು. ಆಕೆ ಸುಮ್ನೆ ಕೂತಿದಾಳೆ ಅಂದ್ರೆ ಯಾರು ನಂಬ್ತಾರೆ? ಹಾಲಿನೋಳು ಪ್ರತಿ ಮನೇಲೂ ಹಾಲಿನ ಜೊತೆ ಇದನ್ನೂ ಅಳೆದು ಕೊಟ್ಲು. "ಆ ಅವ್ವಂಗೆ ಜಾಸ್ತಿ ಆಗೈತೆ. ಶಾಲು ಹೊದ್ಕಂಡು ನಡುಗ್ತಾವ್ಳೆ. ಗಂಡಸು ಅಡಿಗೆ ಮಾಡ್ತಾ ಅವ್ನೆ."

ನಾನು ಶುಂಠಿ ಕಷಾಯ ಕಾಸ್ಕೊಂಡು ಓಡಿದೆ. ನನ್ನ ಹಿಂದೆ ತಾಸೀಲ್ದಾರ್ರು, ಕಂಕುಳಲ್ಲಿ ಬ್ರೆಡ್ಡು. ನಮ್ಮ ಕಡೆ ಬ್ರೆಡ್ ತರೋದೇ ಕಾಯಿಲೆಯೋರಿಗೆ. ಬೇಕರಿಲಿ ಬ್ರೆಡ್ ಕೇಳಿದ್ರೆ ಅಂಗಡಿಯೋನು ಮೊದ್ಲು "ಯಾರಿಗೆ ಹುಷಾರಿಲ್ಲ" ಅಂತ ಕೇಳ್ತಿದ್ದ. ಹಾಗಾಗಿ ಅಂಗಡೀಲೂ ಸುದ್ದಿ ಆಯ್ತು. ಆಮೇಲೆ ಒಬ್ಬೊಬ್ರೇ ಬಂದ್ರು, ಬ್ರೆಡ್ಡು, ಮೂಸಂಬಿ, ಬಾರ್ಲಿ. ಪುರೋಹಿತರು ತೀರ್ಥ ತಂದ್ರು. "ನಾನು ಹೇಳ್ಲಿಲ್ವಾ, ರಾಹು" ಅಂತ ನನ್ನ ಕಿವಿಲಿ ಅಂದ್ರು.

"ಅಯ್ಯೋ, ನಂಗೇನೂ ಆಗಿಲ್ರೀ" ಅಂತ ಅಕ್ಕ ಹೇಳಿದಷ್ಟೂ ಜನ, "ಎಷ್ಟು ತಡ್ಕೊಂಡಿದಾರೆ ನೋಡಿ, ಒಂದು ಮಾತು ನೋವು ಅನ್ನಲ್ಲ" ಅಂತ ಕಣ್ಣಲ್ಲಿ ನೀರು ತಂದ್ಕೊಂಡ್ರು.

ಮನೆಗೆ ಬಂದೋರನ್ನ ಹಾಗೇ ಕಳಿಸೋಕಾಗುತ್ತಾ? ಯಜಮಾನ್ರು ಒಲೆ ಮುಂದೆ ಡಿಕಾಕ್ಷನ್ ಎಲ್ಲಿದೆ ಅಂತ ಹುಡುಕ್ತಿದ್ರು. ಅಕ್ಕ ಶಾಲು ಕುರ್ಚಿ ಮೇಲೆ ಹಾಕಿ, ಬೂಟು ಬಿಚ್ಚಿ, ಸೆರಗು ಸಿಗಿಸ್ಕೊಂಡು ಒಳಗೆ ಹೋದ್ಲು. ಆ ಭಾನುವಾರ ಸುಮ್ನೆ ಕೂರೋ ಅಭ್ಯಾಸದಲ್ಲಿ ಆಕೆ ಮಾಡಿದಷ್ಟು ಕಾಫಿ ಮಗಳ ನಾಮಕರಣದಲ್ಲೂ ಮಾಡಿರ್ಲಿಲ್ಲ. ಕೊನೆಗೆ ತನ್ನ ಲೋಟ ಆರಿ ಕೆನೆ ಕಟ್ಟಿತ್ತು. ನಿಂತ್ಕೊಂಡೇ ಕುಡಿದ್ಲು. ಬ್ರೆಡ್ ಮಾತ್ರ ವಾರ ಪೂರ್ತಿ ಮುಗೀಲಿಲ್ಲ. ಅಜ್ಜಿ ಅದನ್ನ ಮುಟ್ಟಲ್ಲ ಅಂದ್ರು, ಉಳಿದೋರು ಉಪ್ಪಿಟ್ಟಿನ ಥರ ಒಗ್ಗರಣೆ ಹಾಕ್ಕೊಂಡು ತಿಂದ್ರು.

ಹೊರಡೋ ಹಿಂದಿನ ಸಂಜೆ

ಯಜಮಾನ್ರು ಟ್ರೈನಿಂಗಿಗೆ ಹೊರಡೋ ಹಿಂದಿನ ಸಂಜೆ. ಊರಿನ ಹೆಸರು ಇನ್ನೂ ಆಗಿಲ್ಲ. ಆಗಿಲ್ಲ ಅಂದ್ರೆ, ನಮ್ಮೆಲ್ಲರ ಪ್ರಕಾರ ಲಂಡನ್ ಅಂತ ಆಗಿತ್ತು. ಅಜ್ಜಿ ಆಗ್ಲೇ ಬಾಣಂತಿ ಖಾರಕ್ಕೆ ಮೆಣಸು ಒಣಗ್ಸಿದ್ರು. ತಾಸೀಲ್ದಾರ್ರು ತಂಗಿ ಮಗನಿಗೆ ಅಂತ ಉಪ್ಪಿನಕಾಯಿ ಜಾಡಿನೇ ಎತ್ಕೊಂಡು ಬಂದಿದ್ರು.

ನಂಗೆ ಸಿಟ್ಟು ಬರ್ತಿತ್ತು. ಹುಟ್ಟಿದಾಗಿಂದ ಒಂದು ವಾರ ಬಿಡುವು ಕಾಣದೋಳಿಗೆ ಬಿಡುವು ಸಿಕ್ಕಿದ್ರೆ ಅದಕ್ಕೂ ತೊಟ್ಲು ಕಟ್ತಾರಲ್ಲ ಅಂತ. ಆದ್ರೆ ಅಜ್ಜಿ ಗಟ್ಟಿ ಮಾಡಿದ್ದಕ್ಕೆ ಆ ಮನೇಲಿ ಎದುರು ಮಾತಾಡಿದೋರನ್ನ ನಾನು ಕಂಡಿಲ್ಲ.

"ಹಾಗಾದ್ರೆ ಲಂಡನ್ ಅಂತ ಹೇಳ್ಲಾ?" ಅಂತ ಯಜಮಾನ್ರು ಅಕ್ಕನ್ನ ಕೇಳಿದ್ರು. ಅಷ್ಟು ದಿನದಲ್ಲಿ ಆಕೆನ ಯಾರಾದ್ರೂ ಕೇಳಿದ್ದು ಅದೇ ಮೊದ್ಲು.

ಅಕ್ಕ ಕೈ ಒರೆಸ್ಕೊಂಡು ಬಂದು ಕ್ಯಾಲೆಂಡರಿನ ಹಾಳೆ ಒಂದೊಂದಾಗಿ ಮಗುಚಿದ್ಲು. ನಾವು ಯಾರೂ ನೋಡದೇ ಇದ್ದ ಕೊನೇ ತಿಂಗಳಿಗೆ ಹೋದ್ಲು. ಒಂದು ಕಾಲುವೆ, ಸಣ್ಣ ಸೇತುವೆ, ಹೆಂಚಿನ ಮನೆಗಳು. ನೀರಿನ ಪಕ್ಕ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದಾಳೆ.

"ಇವಳ ಕೈ ನೋಡಿ" ಅಂದ್ಲು ಅಕ್ಕ. "ಅವರೆಕಾಯಿ ಸುಲೀತಿಲ್ಲ, ಹೂ ಕಟ್ತಿಲ್ಲ, ಮಗು ಆಡಿಸ್ತಿಲ್ಲ. ಸುತ್ತ ಯಾರೂ ಬ್ರೆಡ್ ಹಿಡ್ಕೊಂಡು ನಿಂತಿಲ್ಲ. ನಂಗೆ ಈ ಊರು."

ತಾಸೀಲ್ದಾರ್ರು ಬಗ್ಗಿ ಓದಿದ್ರು. "ಬ್ರೂಜ್ ಅಂತೆ. ಬೆಲ್ಜಿಯಂ ದೇಶ. ಇದ್ಯಾವ ಊರಮ್ಮಾ, ಹೆಸರೇ ಕೇಳಿಲ್ಲ. ಅಲ್ಲಿ ನಮ್ಮ ಜನ ಒಬ್ರೂ ಇಲ್ಲ."

"ಗೊತ್ತು. ಅದಕ್ಕೇ" ಅಂದ್ಲು ಅಕ್ಕ.

ಎಲ್ಲಾ ಅಜ್ಜಿ ಮುಖ ನೋಡಿದ್ವಿ. ಅಜ್ಜಿ ಕನ್ನಡಕ ಹಾಕ್ಕೊಂಡ್ರು. ಆದ್ರೆ ಕ್ಯಾಲೆಂಡರ್ ಕಡೆ ಹೋಗ್ಲಿಲ್ಲ, ಗೋಡೆ ಮೇಲಿದ್ದ ನಿಲುವುಗನ್ನಡಿ ಹತ್ರ ಹೋದ್ರು. ಅವರ ತವರಿಂದ ಬಂದಿದ್ದು, ತೇಗದ ಚೌಕಟ್ಟು.

"ಬೆಲ್ಜಿಯಂ ಅಂದ್ರೆ ಈ ಕನ್ನಡಿ ಊರಾ?"

"ಅದೇ ದೇಶ ಅಮ್ಮಾ" ಅಂದ್ರು ಯಜಮಾನ್ರು.

ಅಜ್ಜಿ ಸೆರಗಿಂದ ಗಾಜು ಒರೆಸಿದ್ರು. "ನನ್ನ ಮದುವೆಲಿ ಕೊಟ್ಟಿದ್ದು. ಇವತ್ತಿನವರೆಗೂ ಒಂದು ಕಲೆ ಬಿದ್ದಿಲ್ಲ, ಮುಖ ಡೊಂಕು ಕಾಣಲ್ಲ. ಒಳ್ಳೆ ಮನೆತನ. ಕಳಿಸಬಹುದು." ಆಮೇಲೆ ತಾಸೀಲ್ದಾರ್ರ ಕಡೆ ತಿರುಗಿ, "ಜಾಡಿ ಇಲ್ಲೇ ಇರ್ಲಿ. ಉಪ್ಪಿನಕಾಯಿ ನಮಗೂ ಆಗುತ್ತೆ" ಅಂದ್ರು.

ಬಂದ್ಮೇಲೆ

ಯಜಮಾನ್ರ ಟ್ರೈನಿಂಗ್ ಮುಗಿಯೋ ಹೊತ್ತಿಗೆ ಅಕ್ಕ ಒಬ್ಬಳೇ ಬೊಂಬಾಯಿಗೆ ಹೋಗಿ ವಿಮಾನ ಹತ್ತಿದ್ಲು. ಸೀರೆ, ಬೂಟು, ಒಂದು ಡಬ್ಬಿ ಹುಳಿಪುಡಿ, ಆರು ನಿಂಬೆಹಣ್ಣು. ನಾನಾಗಿದ್ರೆ ಏಣಿ ಕೆಳಗೇ ಕುಸಿದು ಕೂರ್ತಿದ್ದೆ. ಆ ಧೈರ್ಯಕ್ಕೆ ನಾನು ಇವತ್ತೂ ಕೈಮುಗೀತೀನಿ.

ಆಕೆ ಇಲ್ಲದಾಗ ಇಲ್ಲಿ ಹಾಲು ನಾನು ತಗೊಂಡೆ. ವಾಪಸ್ ಬಂದ ದಿನ ಎಲ್ಲರಿಗಿಂತ ಮೊದ್ಲು ನಾನೇ ಹೋಗಿ ಅಡಿಗೆಮನೆ ಬಾಗ್ಲಲ್ಲಿ ಕೂತೆ.

"ಹೇಳಕ್ಕಾ. ಕೂತ್ಯಾ?"

"ಕೂತೆ ಕಣೆ. ಮೊದಲ್ನೇ ದಿನ ಕೈ ಎಲ್ಲಿಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ನಮ್ಮನೆಯೋರು ಸೇತುವೆ ಹೆಂಗೆ ಕಟ್ಟಿದಾರೆ ಅಂತ ಒಂದೊಂದ್ರ ಕೆಳಗೂ ಬಗ್ಗಿ ನೋಡ್ಕೊಂಡು ಹೋದ್ರು. ನಾನು ಕಾಲುವೆ ಪಕ್ಕ ಬೆಂಚಲ್ಲಿ ಕೂತೆ. ಬಾತುಕೋಳಿ ನೋಡ್ದೆ. ಎರಡನೇ ದಿನ ಅಭ್ಯಾಸ ಆಯ್ತು. ಯಾರೂ ಏನೂ ಕೇಳ್ಲಿಲ್ಲ. ಎಷ್ಟು ಚೆನ್ನಾಗಿತ್ತು ಗೊತ್ತಾ."

"ಆಮೇಲೆ?"

"ಮೂರನೇ ದಿನ ಎದುರು ಮನೆ ಬಾಗ್ಲು ತೆಗೀತು. ನನ್ನಷ್ಟೇ ವಯಸ್ಸಿನ ಒಬ್ಬಳು ಹೆಂಗಸು, ಏಪ್ರನ್ ಕಟ್ಕೊಂಡು, ರಸ್ತೆ ದಾಟಿ ನೇರ ನನ್ನ ಹತ್ರ ಬಂದ್ಲು. ಹಣೆ ಮುಟ್ಟಿ ನೋಡಿದ್ಲು. ಕೈಯಲ್ಲಿ ಬ್ರೆಡ್ಡು."

ನಾನು ಗೋಡೆಗೆ ಒರಗಿ ನಕ್ಕೆ. ಅಕ್ಕನೂ ನಕ್ಲು.

"ಕಾಯಿಲೆ ಇಲ್ಲ ಅಂತ ಕೈಸನ್ನೆ ಮಾಡ್ದೆ. ನಂಬ್ಲಿಲ್ಲ. ಒಳಗೆ ಹೋಗಿ ಕಾಫಿ ಮಾಡ್ಕೊಂಡು ಬಂದ್ಲು, ಒಂದು ನಂಗೆ, ಒಂದು ಅವಳಿಗೆ. ಪಕ್ಕದಲ್ಲೇ ಕೂತ್ಲು."

"ಕಾಫಿ ಬಿಸಿ ಇತ್ತಾ?"

"ನಾಲಿಗೆ ಸುಡ್ತಿತ್ತು ಕಣೆ. ಡಿಕಾಕ್ಷನ್ ಬರೀ ನೀರು. ಆದ್ರೆ ಕೂತು ಕುಡ್ದೆ, ಕೊನೇ ಗುಟುಕಿನವರೆಗೂ ಬಿಸಿ. ಆಮೇಲೆ ದಿನಾ ತಂದ್ಲು. ಅವಳ ಭಾಷೆಲಿ ಅವಳು, ನನ್ನ ಭಾಷೆಲಿ ನಾನು. ಆ ರಸ್ತೆ ಸಮಾಚಾರ ಎಲ್ಲಾ ಹೇಳಿದ್ಲು. ಮೂಲೆ ಮನೆ ಸೊಸೆಗೂ ಅತ್ತೆಗೂ ಆಗಲ್ಲ. ಸೇತುವೆ ಆಚೆ ಮನೆಯೋನು ಕುಡೀತಾನೆ. ಹಸಿರು ಬಾಗಿಲ ಮನೆಯೋಳು ಹೊಸ ಟೋಪಿ ತಗೊಂಡಿದ್ದು ಗಂಡನಿಗೆ ಗೊತ್ತಿಲ್ಲ."

"ಅವಳ ಭಾಷೆ ಒಂದಕ್ಷರ ಬರ್ದೆ ಇದೆಲ್ಲ ನಿಂಗೆ ಹೆಂಗಕ್ಕಾ ಗೊತ್ತಾಯ್ತು?"

ಅಕ್ಕ ಲೋಟಕ್ಕೆ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಲು. ತನ್ನ ಲೋಟ ತಗೊಂಡು, ಮಣೆ ಎಳ್ಕೊಂಡು, ನನ್ನ ಎದುರಿಗೆ ಕೂತ್ಲು.

"ಹನ್ನೆರಡು ವರ್ಷದಿಂದ ದಿನಾ ನಿನ್ನ ಮುಖ ನೋಡ್ತಿಲ್ವೇನೇ ನಾನು? ಅವಳೂ ಹಾಗೇ, ಸೊಂಟದ ಮೇಲೆ ಕೈ, ಒಂದು ಹುಬ್ಬು ಮೇಲೆ, ಯಾರಾದ್ರೂ ದಾಟಿ ಹೋದ್ಮೇಲೆ ತುಟಿ ಈ ಕಡೆಗೆ ಸೊಟ್ಟ. ಒಂದೇ ಒಂದು ಮಾತೂ ತಿಳಿಯದೆ ಹೋಗ್ಲಿಲ್ಲ."